ಹೆಚ್ಚು, ಕಡಿಮೆ, ಅಷ್ಟೇ: ಸ್ಪ್ಯಾನಿಷ್‌ನಲ್ಲಿ ಪ್ರಮಾಣವನ್ನು ಹೋಲಿಸುವ ಕ್ರಮ

ಕನ್ನಡದಲ್ಲಿ ಪ್ರಮಾಣವನ್ನು ಹೋಲಿಸಬೇಕಾದಾಗ ‘ಗಿಂತ’ ಎಂಬ ಒಂದೇ ರೂಪ ನಮಗೆ ಸಾಕಾಗುತ್ತದೆ. ‘ರವಿಗಿಂತ ಲಕ್ಷ್ಮಿಯ ಬಳಿ ಹೆಚ್ಚು ಪುಸ್ತಕಗಳಿವೆ’ ಎಂದಾಗಲೂ, ‘ನೂರು ರೂಪಾಯಿಗಿಂತ ಹೆಚ್ಚು ಖರ್ಚಾಯಿತು’ ಎಂದಾಗಲೂ, ‘ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾನೆ’ ಎಂದಾಗಲೂ ನಾವು ಬಳಸುವುದು ಅದನ್ನೇ. ಸ್ಪ್ಯಾನಿಷ್ ಭಾಷೆ ಈ ಮೂರು ಸಂದರ್ಭಗಳನ್ನು ಮೂರು ಬೇರೆ ರೀತಿಗಳಲ್ಲಿ ನಿಭಾಯಿಸುತ್ತದೆ. ಮೈಸೂರಿನಲ್ಲಿ ಸ್ಪ್ಯಾನಿಷ್ ಕಲಿಯುವವರ ಬರವಣಿಗೆಯನ್ನು ತಿದ್ದುವಾಗ ಹೋಲಿಕೆಯ ವಾಕ್ಯಗಳಲ್ಲಿ ನನಗೆ ಕಾಣುವ ತಪ್ಪುಗಳ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು. ಆದ್ದರಿಂದ ನಿಯಮಗಳನ್ನು ಬಾಯಿಪಾಠ ಮಾಡುವ ಮೊದಲು, ‘ಹೆಚ್ಚು’ ಅಥವಾ ‘ಕಡಿಮೆ’ ಎಂಬ ಪದದ ನಂತರ ಬರುವುದು ಇನ್ನೊಂದು ವಸ್ತುವೋ, ಒಂದು ಅಳತೆಯೋ, ಅಥವಾ ಒಂದು ಇಡೀ ಕ್ರಿಯೆಯೋ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕೆಂಬುದು ನನ್ನ ಮೊದಲ ಸಲಹೆ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಉಚ್ಚಾರಣೆ ಲ್ಯಾಟಿನ್ ಅಮೆರಿಕದ್ದು. ಸ್ಪೇನ್ ದೇಶದ ಬಹುಭಾಗದಲ್ಲಿ ಕೆಲವು ಪದಗಳ ‘ಸ’ಕಾರ ಹಲ್ಲುಗಳ ನಡುವಿನಿಂದ ಹೊರಡುವ ಬೇರೆಯೇ ಧ್ವನಿಯಾಗುತ್ತದೆ. ಸ್ಪ್ಯಾನಿಷ್‌ನ ತಕಾರ ನಮ್ಮ ‘ತ’ದಂತೆಯೇ ದಂತ್ಯವಾಗಿರುವುದು, ಮತ್ತು ಅಲ್ಲಿನ ಸ್ವರಗಳು ನಮ್ಮವುಗಳಂತೆ ಸ್ಪಷ್ಟವಾಗಿರುವುದು ಕನ್ನಡಿಗರಿಗೆ ಒಂದು ಅನುಕೂಲ.

ವಸ್ತುವಿಗೆ ವಸ್ತು: ‘ಕೆ’

ಹೆಚ್ಚು ಎಂಬುದಕ್ಕೆ ‘ಮಾಸ್’, ಕಡಿಮೆ ಎಂಬುದಕ್ಕೆ ‘ಮೆನೊಸ್’. ಇವೆರಡೂ ಲಿಂಗ, ವಚನ ಯಾವುದಕ್ಕೂ ಬದಲಾಗುವುದಿಲ್ಲ. ‘ಮಾಸ್’ ಬರೆಯುವಾಗ ಸ್ವರದ ಮೇಲೆ ಓರೆಗೆರೆಯನ್ನು ಹಾಕಲು ಮರೆಯಬಾರದು, ಏಕೆಂದರೆ ಗೆರೆಯಿಲ್ಲದ ಅದೇ ಪದಕ್ಕೆ ‘ಆದರೆ’ ಎಂಬ ಬೇರೆ ಅರ್ಥವಿದೆ. ಹೋಲಿಸುವ ವಸ್ತುವಿನ ಹೆಸರು ಈ ಪದದ ನಂತರ ಬರುತ್ತದೆ, ಅದಾದ ಮೇಲೆ ‘ಕೆ’, ಕೊನೆಯಲ್ಲಿ ಯಾರೊಡನೆ ಅಥವಾ ಯಾವುದರೊಡನೆ ಹೋಲಿಸುತ್ತಿದ್ದೇವೋ ಅದು. ‘ಲಕ್ಷ್ಮಿ ತಿಯೆನೆ ಮಾಸ್ ಲಿಬ್ರೊಸ್ ಕೆ ರವಿ’ ಎಂದರೆ ರವಿಗಿಂತ ಲಕ್ಷ್ಮಿಯ ಬಳಿ ಹೆಚ್ಚು ಪುಸ್ತಕಗಳಿವೆ ಎಂದು. ಕನ್ನಡದಲ್ಲಿ ಸಾಮಾನ್ಯವಾಗಿ ಮೊದಲು ಬರುವ ‘ರವಿಗಿಂತ’ ಸ್ಪ್ಯಾನಿಷ್‌ನಲ್ಲಿ ಕೊನೆಗೆ ಹೋಗುತ್ತದೆ. ವಾಕ್ಯವನ್ನು ಕನ್ನಡದ ಕ್ರಮದಲ್ಲಿ ಯೋಚಿಸಿ ಪದಕ್ಕೆ ಪದವಿಟ್ಟು ಬದಲಾಯಿಸಲು ಹೋದರೆ ಇಲ್ಲಿಯೇ ಮುಗ್ಗರಿಸುತ್ತೇವೆ. ಮೊದಲು ‘ಲಕ್ಷ್ಮಿಯ ಬಳಿ ಹೆಚ್ಚು ಪುಸ್ತಕಗಳಿವೆ’ ಎಂಬಷ್ಟನ್ನು ಪೂರ್ತಿಯಾಗಿ ಕಟ್ಟಿ, ಆಮೇಲೆ ‘ಕೆ ರವಿ’ ಎಂಬುದನ್ನು ಜೋಡಿಸುವುದು ಸುಲಭದ ದಾರಿ.

ಹೋಲಿಕೆ ಇಬ್ಬರ ನಡುವೆಯೇ ಇರಬೇಕೆಂದೇನಿಲ್ಲ. ಒಂದೇ ಜಮೀನಿನ ಎರಡು ಬೆಳೆಗಳನ್ನು ಹೋಲಿಸಿ ‘ಎನ್ ಎಸ್ತಾ ಫಿಂಕಾ ಆಯ್ ಮಾಸ್ ಕಾನ್ಯಾ ಕೆ ಆರ್ರೊಸ್’ ಎಂದರೆ ಈ ಜಮೀನಿನಲ್ಲಿ ಭತ್ತಕ್ಕಿಂತ ಕಬ್ಬು ಹೆಚ್ಚಿದೆ ಎಂದಾಗುತ್ತದೆ. ಎರಡು ದಿನಗಳನ್ನು ಹೋಲಿಸಿ ‘ಒಯ್ ಕೊಂಪ್ರೆ ಮೆನೊಸ್ ಫ್ಲೊರೆಸ್ ಕೆ ಆಯೆರ್’ ಎಂದರೆ ನಿನ್ನೆಗಿಂತ ಇಂದು ಕಡಿಮೆ ಹೂವುಗಳನ್ನು ಕೊಂಡೆ ಎಂದು. ನಾಮಪದವೇ ಇಲ್ಲದೆ ಕ್ರಿಯೆಯ ಪ್ರಮಾಣವನ್ನು ಹೋಲಿಸುವಾಗ ‘ಮಾಸ್ ಕೆ’ ಒಟ್ಟಿಗೆ ಬರುತ್ತದೆ: ‘ಎಯಾ ತ್ರಾಬಾಹಾ ಮಾಸ್ ಕೆ ಯೊ’, ಅವಳು ನನಗಿಂತ ಹೆಚ್ಚು ದುಡಿಯುತ್ತಾಳೆ.

ಈ ಹಂತದಲ್ಲಿ ಕನ್ನಡಿಗರು ಗಮನಿಸಬೇಕಾದ ಎರಡು ವಿಷಯಗಳಿವೆ. ಮೊದಲನೆಯದು ಬಹುವಚನ. ನಾವು ‘ಹತ್ತು ಪುಸ್ತಕ’, ‘ಹೆಚ್ಚು ಹೂವು’ ಎಂದು ‘ಗಳು’ ಸೇರಿಸದೆಯೇ ಸಹಜವಾಗಿ ಹೇಳುತ್ತೇವೆ, ಮತ್ತು ಕನ್ನಡದಲ್ಲಿ ಅದು ಸರಿಯೇ. ಸ್ಪ್ಯಾನಿಷ್‌ನಲ್ಲಿ ಎಣಿಸಬಹುದಾದ ವಸ್ತುಗಳೆಲ್ಲ ‘ಮಾಸ್’, ‘ಮೆನೊಸ್’ಗಳ ನಂತರ ಬಹುವಚನದಲ್ಲೇ ಇರಬೇಕು: ‘ಮಾಸ್ ಲಿಬ್ರೊ’ ಅಲ್ಲ, ‘ಮಾಸ್ ಲಿಬ್ರೊಸ್’. ಅಕ್ಕಿ, ಹಾಲು, ನೀರು, ಹಣದಂತಹ ಎಣಿಸಲಾಗದವು ಮಾತ್ರ ಏಕವಚನದಲ್ಲಿ ನಿಲ್ಲುತ್ತವೆ. ಎರಡನೆಯದು ಸರ್ವನಾಮ. ‘ನನಗಿಂತ’ ಎಂಬ ರೂಪದೊಳಗೆ ‘ನನಗೆ’ ಎಂಬ ಚತುರ್ಥಿಯ ಧ್ವನಿ ಕೇಳಿಸುವುದರಿಂದ ಕಲಿಯುವವರು ‘ಕೆ ಮಿ’ ಎಂದು ಬರೆದುಬಿಡುತ್ತಾರೆ. ಅಲ್ಲಿ ಬರಬೇಕಾದದ್ದು ಕರ್ತೃರೂಪವಾದ ‘ಕೆ ಯೊ’. ಹಾಗೆಯೇ ‘ನಿನಗಿಂತ’ ಎಂಬುದು ‘ಕೆ ತು’ ಆಗುತ್ತದೆ. ಕರ್ತೃ ಬೇರೆಯಾಗಿದ್ದಾಗ ಮಾತ್ರ ಈ ಮಾತು ಬದಲಾಗುತ್ತದೆ. ‘ಅವಳಿಗೆ ಮಾವಿನಹಣ್ಣು ನನಗಿಂತ ಹೆಚ್ಚು ಇಷ್ಟ’ ಎಂಬ ವಾಕ್ಯದಲ್ಲಿ ಇಷ್ಟಪಡುವವರು ಕನ್ನಡದಲ್ಲಿ ಹೇಗೋ ಸ್ಪ್ಯಾನಿಷ್‌ನಲ್ಲೂ ಹಾಗೆಯೇ ‘ಅವಳಿಗೆ’, ‘ನನಗೆ’ ಎಂಬ ರೂಪದಲ್ಲಿರುತ್ತಾರೆ. ಆದ್ದರಿಂದ ‘ಆ ಎಯಾ ಲೆ ಗುಸ್ತಾನ್ ಲೊಸ್ ಮಾಂಗೊಸ್ ಮಾಸ್ ಕೆ ಆ ಮಿ’ ಎಂಬುದೇ ಸರಿಯಾದ ರೂಪ. ಮೊದಲ ಅರ್ಧದಲ್ಲಿ ‘ಆ ಎಯಾ’ ಇದ್ದರೆ ಎರಡನೆಯ ಅರ್ಧದಲ್ಲಿ ‘ಆ ಮಿ’ ಇರಲೇಬೇಕು.

ಇನ್ನೊಂದು ಪ್ರಯೋಗವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ‘ಎಂದಿಗಿಂತಲೂ ಹೆಚ್ಚು’, ‘ಎಲ್ಲರಿಗಿಂತ ಹೆಚ್ಚು’ ಎನ್ನುವಲ್ಲಿ ಸ್ಪ್ಯಾನಿಷ್ ನಿಷೇಧಾರ್ಥದ ಪದಗಳನ್ನು ಬಳಸುತ್ತದೆ: ‘ಮಾಸ್ ಕೆ ನುಂಕಾ’, ‘ಮಾಸ್ ಕೆ ನಾದಿಯೆ’. ‘ನುಂಕಾ’ ಎಂದರೆ ‘ಎಂದೂ ಇಲ್ಲ’, ‘ನಾದಿಯೆ’ ಎಂದರೆ ‘ಯಾರೂ ಇಲ್ಲ’ ಎಂದು ಕಲಿತವರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ, ಆದರೆ ಇಡೀ ವಾಕ್ಯದಲ್ಲಿ ನಿಷೇಧದ ಅರ್ಥವೇನೂ ಉಳಿಯುವುದಿಲ್ಲ.

ಅಳತೆಯನ್ನು ದಾಟಿದಾಗ: ‘ದೆ’

‘ಹೆಚ್ಚು’ ಎಂಬುದರ ಮುಂದೆ ಒಂದು ಸಂಖ್ಯೆ ಅಥವಾ ಪ್ರಮಾಣ ನಿಂತು, ನಾವು ಹೇಳುತ್ತಿರುವುದು ಆ ಗಡಿಯನ್ನು ದಾಟಿದೆ ಎಂಬ ಅರ್ಥವಿದ್ದರೆ ‘ಕೆ’ ಹೋಗಿ ‘ದೆ’ ಬರುತ್ತದೆ. ಮೈಸೂರಿನ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡದ್ದು. ಅದನ್ನು ಕುರಿತು ‘ಎಲ್ ಪಾಲಾಸಿಯೊ ತಿಯೆನೆ ಮಾಸ್ ದೆ ಸಿಯೆನ್ ಆನ್ಯೊಸ್’, ಅರಮನೆಗೆ ನೂರಕ್ಕೂ ಹೆಚ್ಚು ವರ್ಷಗಳಾಗಿವೆ ಎನ್ನಬಹುದು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಬಗ್ಗೆ ‘ಲಾ ಎಸ್ಕಾಲೆರಾ ತಿಯೆನೆ ಮಾಸ್ ದೆ ಮಿಲ್ ಎಸ್ಕಾಲೊನೆಸ್’, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ ಎನ್ನಬಹುದು. ಅರ್ಧಕ್ಕಿಂತ ಹೆಚ್ಚು ಎಂಬುದು ‘ಮಾಸ್ ದೆ ಲಾ ಮಿತಾದ್’, ಒಂದು ಗಂಟೆಗಿಂತ ಕಡಿಮೆ ಎಂಬುದು ‘ಮೆನೊಸ್ ದೆ ಉನಾ ಒರಾ’.

ಇದನ್ನು ಗುರುತಿಸಲು ಕನ್ನಡದೊಳಗೇ ಒಂದು ಪರೀಕ್ಷೆಯಿದೆ, ಮತ್ತು ಅದು ಬಹಳ ಉಪಯುಕ್ತವೆಂದು ನನ್ನ ನಂಬಿಕೆ. ನಾವು ‘ನೂರಕ್ಕಿಂತ ಹೆಚ್ಚು’ ಎನ್ನುವಲ್ಲೆಲ್ಲ ‘ನೂರಕ್ಕೂ ಹೆಚ್ಚು’ ಎಂದೂ ಹೇಳಬಹುದು. ಆದರೆ ‘ರವಿಗಿಂತ ಹೆಚ್ಚು ಪುಸ್ತಕಗಳು’ ಎಂಬುದನ್ನು ‘ರವಿಗೂ ಹೆಚ್ಚು ಪುಸ್ತಕಗಳು’ ಎಂದು ಯಾರೂ ಹೇಳುವುದಿಲ್ಲ. ‘ಗಿಂತ’ವನ್ನು ತೆಗೆದು ‘ಊ’ ಹಚ್ಚಿದಾಗ ವಾಕ್ಯ ಅರ್ಥ ಕೆಡದೆ ನಿಂತರೆ ಅಲ್ಲಿ ‘ದೆ’ ಬರೆಯಿರಿ, ನಿಲ್ಲದಿದ್ದರೆ ‘ಕೆ’ ಬರೆಯಿರಿ. ಮಾಧ್ಯಮಗಳಲ್ಲಿ ದಿನವೂ ಕಾಣುವ ‘ಐವತ್ತಕ್ಕೂ ಹೆಚ್ಚು ಮಂದಿ’, ‘ಸಾವಿರಕ್ಕೂ ಅಧಿಕ ಎಕರೆ’ ಎಂಬ ಮಾತುಗಳೆಲ್ಲ ಸ್ಪ್ಯಾನಿಷ್‌ನಲ್ಲಿ ‘ಮಾಸ್ ದೆ’ ಆಗುತ್ತವೆ.

ಹಾಗೆಂದು ಸಂಖ್ಯೆ ಕಂಡಕೂಡಲೇ ‘ದೆ’ ಹಾಕುವುದೂ ತಪ್ಪು. ‘ಎರಡು ಸಣ್ಣ ಮಾವಿನಹಣ್ಣುಗಳಿಗಿಂತ ಒಂದು ದೊಡ್ಡ ಹಣ್ಣು ಹೆಚ್ಚು ತೂಗುತ್ತದೆ’ ಎಂಬಲ್ಲಿ ‘ಎರಡು’ ಇದ್ದರೂ ಅದು ದಾಟಿದ ಗಡಿಯಲ್ಲ, ಹೋಲಿಕೆಗೆ ನಿಂತ ವಸ್ತು. ಆದ್ದರಿಂದ ‘ಉನ್ ಮಾಂಗೊ ಗ್ರಾಂದೆ ಪೆಸಾ ಮಾಸ್ ಕೆ ದೊಸ್ ಪೆಕೆನ್ಯೊಸ್’ ಎಂದು ‘ಕೆ’ಯನ್ನೇ ಬಳಸಬೇಕು. ಮೇಲಿನ ಪರೀಕ್ಷೆ ಇಲ್ಲಿಯೂ ಸರಿಯಾಗಿಯೇ ದಾರಿ ತೋರಿಸುತ್ತದೆ.

ನಿಷೇಧವಾಕ್ಯಗಳಲ್ಲಿ ‘ಕೆ’ ಮತ್ತು ‘ದೆ’ ಎರಡೂ ಸಂಖ್ಯೆಯ ಮುಂದೆ ಬರಬಲ್ಲವು, ಆದರೆ ಅರ್ಥ ಬೇರೆಯಾಗುತ್ತದೆ. ‘ನೊ ತೆಂಗೊ ಮಾಸ್ ದೆ ಸಿಯೆನ್ ರುಪಿಯಾಸ್’ ಎಂದರೆ ನನ್ನ ಬಳಿ ನೂರು ರೂಪಾಯಿಗಿಂತ ಹೆಚ್ಚಿಲ್ಲ; ನೂರಿರಬಹುದು, ಎಂಬತ್ತೂ ಇರಬಹುದು. ‘ನೊ ತೆಂಗೊ ಮಾಸ್ ಕೆ ಸಿಯೆನ್ ರುಪಿಯಾಸ್’ ಎಂದರೆ ನನ್ನ ಬಳಿ ಇರುವುದು ನೂರೇ ರೂಪಾಯಿ. ‘ನೂರೇ’ ಎಂಬ ನಮ್ಮ ಏಕಾರ ಮಾಡುವ ಕೆಲಸವನ್ನು ಅಲ್ಲಿ ‘ನೊ… ಮಾಸ್ ಕೆ’ ಮಾಡುತ್ತದೆ. ಅಂಗಡಿಯಲ್ಲಿ ಚೌಕಾಸಿ ಮಾಡುವವನಿಗೆ ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಕ್ರಿಯೆ ಬಂದಾಗ: ‘ದೆ ಲೊ ಕೆ’ ಮತ್ತು ಅದರ ಬಳಗ

ಇದು ಅತ್ಯಂತ ಕಷ್ಟವೆಂದು ಹೆಸರಾದ ಭಾಗವಾದರೂ, ಕನ್ನಡ ಬಲ್ಲವರಿಗೆ ಇದರ ಒಳಗುಟ್ಟು ಸುಲಭವಾಗಿ ತಿಳಿಯುತ್ತದೆ. ‘ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾನೆ’, ‘ಅಂದುಕೊಂಡದ್ದಕ್ಕಿಂತ ಹೆಚ್ಚು ಓದಿದೆ’ ಎಂಬಂತಹ ವಾಕ್ಯಗಳಲ್ಲಿ ‘ಗಿಂತ’ದ ಹಿಂದೆ ನಿಂತಿರುವುದು ಕ್ರಿಯೆಯಿಂದ ಹುಟ್ಟಿದ ರೂಪ. ಅಂದರೆ ನಾವು ಹೋಲಿಸುತ್ತಿರುವುದು ಆ ಕ್ರಿಯೆ ಸೂಚಿಸುವ ಒಂದು ಪ್ರಮಾಣದೊಡನೆ, ಗಳಿಕೆಯ ಮೊತ್ತದೊಡನೆ, ನಿರೀಕ್ಷೆಯ ಮಟ್ಟದೊಡನೆ. ಪ್ರಮಾಣದ ಗಡಿಯನ್ನು ದಾಟುವಾಗ ‘ದೆ’ ಬರುತ್ತದೆಂದು ಈಗಾಗಲೇ ಕಂಡಿದ್ದೇವೆ. ಇಲ್ಲಿಯೂ ಅದೇ ‘ದೆ’ ಬಂದು, ಅದರ ನಂತರ ‘ಯಾವುದೋ ಅದು’ ಎಂಬ ಅರ್ಥದ ‘ಲೊ ಕೆ’ ಸೇರುತ್ತದೆ. ‘ಗಾಸ್ತಾ ಮಾಸ್ ದೆ ಲೊ ಕೆ ಗಾನಾ’, ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾನೆ.

ಹೋಲಿಸುತ್ತಿರುವ ವಸ್ತುವನ್ನು ಹೆಸರಿಸಿದ ಕೂಡಲೇ ‘ಲೊ’ ಎಂಬುದು ಆ ವಸ್ತುವಿನ ಲಿಂಗವಚನಗಳಿಗೆ ಹೊಂದಿಕೊಳ್ಳಬೇಕು. ಹಣ ಪುಲ್ಲಿಂಗ ಏಕವಚನವಾದ್ದರಿಂದ ‘ಗಾಸ್ತಾ ಮಾಸ್ ದಿನೆರೊ ದೆಲ್ ಕೆ ಗಾನಾ’. ಬಾಳೆಹಣ್ಣು ಪುಲ್ಲಿಂಗ ಬಹುವಚನದಲ್ಲಿ ಬಂದಾಗ ‘ಕೊಂಪ್ರೆ ಮಾಸ್ ಪ್ಲಾತಾನೊಸ್ ದೆ ಲೊಸ್ ಕೆ ಪ್ವೆದೊ ಕೊಮೆರ್’, ತಿನ್ನಲಾಗುವುದಕ್ಕಿಂತ ಹೆಚ್ಚು ಬಾಳೆಹಣ್ಣು ಕೊಂಡೆ. ಹೂವು ಸ್ತ್ರೀಲಿಂಗ, ಆದ್ದರಿಂದ ‘ಆಯ್ ಮಾಸ್ ಫ್ಲೊರೆಸ್ ದೆ ಲಾಸ್ ಕೆ ನೆಸೆಸಿತಾಮೊಸ್’, ಬೇಕಾದದ್ದಕ್ಕಿಂತ ಹೆಚ್ಚು ಹೂವುಗಳಿವೆ. ನೀರಿಗೆ ‘ದೆ ಲಾ ಕೆ’. ಮಂಡ್ಯದವರಿಗೆ ಇದಕ್ಕೆ ನಾನು ಕೊಡುವ ಉದಾಹರಣೆ ಕೃಷ್ಣರಾಜಸಾಗರದ್ದು. ಮಳೆಗಾಲದಲ್ಲಿ ಒಳಹರಿವು ಹೊರಹರಿವಿಗಿಂತ ಹೆಚ್ಚಾದಾಗ ‘ಎಂತ್ರಾ ಮಾಸ್ ಆಗ್ವಾ ದೆ ಲಾ ಕೆ ಸಾಲೆ’, ಹೊರಹೋಗುವುದಕ್ಕಿಂತ ಹೆಚ್ಚು ನೀರು ಒಳಬರುತ್ತಿದೆ ಎನ್ನಬಹುದು. ಬೇಸಿಗೆಯಲ್ಲಿ ‘ಎಂತ್ರಾ ಮೆನೊಸ್ ಆಗ್ವಾ ದೆ ಲಾ ಕೆ ಸಾಲೆ’. ಕಟ್ಟೆಯ ನೀರಿನ ಲೆಕ್ಕ ಮನಸ್ಸಿನಲ್ಲಿರುವವರಿಗೆ ಈ ವಾಕ್ಯದ ರಚನೆ ಮರೆಯುವುದು ಕಷ್ಟ, ಏಕೆಂದರೆ ಎರಡು ಕಡೆಯಲ್ಲೂ ಇರುವುದು ಅದೇ ನೀರು, ಬೇರೆಯಾಗಿರುವುದು ಕ್ರಿಯೆ ಮಾತ್ರ. ಎರಡನೆಯ ಕ್ರಿಯೆಯೂ ಅದೇ ವಸ್ತುವಿನ ಪ್ರಮಾಣವನ್ನೇ ಹೇಳುತ್ತಿದ್ದರೆ ‘ದೆ’ ಕುಟುಂಬದ ಈ ರೂಪಗಳು ಬರುತ್ತವೆಂದು ಇದರಿಂದ ತಿಳಿದುಕೊಳ್ಳಬಹುದು.

ಕ್ರಿಯಾಪದವಿಲ್ಲದೆ ‘ವಾಡಿಕೆಗಿಂತ ಹೆಚ್ಚು’, ‘ನಿರೀಕ್ಷೆಗಿಂತ ಕಡಿಮೆ’ ಎನ್ನುವಲ್ಲಿಯೂ ‘ದೆ ಲೊ’ ಉಳಿಯುತ್ತದೆ, ‘ಕೆ’ ಮಾತ್ರ ಬಿದ್ದುಹೋಗುತ್ತದೆ: ‘ಯೊಬಿಯೊ ಮಾಸ್ ದೆ ಲೊ ನೊರ್ಮಾಲ್’, ವಾಡಿಕೆಗಿಂತ ಹೆಚ್ಚು ಮಳೆಯಾಯಿತು.

ಅಷ್ಟೇ ಎನ್ನುವಾಗ: ‘ತಾಂತೊ… ಕೊಮೊ’

ಸಮ ಪ್ರಮಾಣಕ್ಕೆ ಬಳಸುವ ‘ತಾಂತೊ’ ನಮ್ಮ ‘ಅಷ್ಟು’ ಎಂಬುದಕ್ಕೆ ಸಮನಾದದ್ದು, ಆದರೆ ‘ಅಷ್ಟು’ ಎಂದೂ ರೂಪ ಬದಲಿಸುವುದಿಲ್ಲ, ‘ತಾಂತೊ’ ತನ್ನ ಮುಂದಿನ ನಾಮಪದದ ಪ್ರಕಾರ ನಾಲ್ಕು ರೂಪಗಳನ್ನು ತಾಳುತ್ತದೆ. ಅಕ್ಕಿಗೆ ‘ತಾಂತೊ ಆರ್ರೊಸ್’, ಹಾಲಿಗೆ ‘ತಾಂತಾ ಲೆಚೆ’, ಪುಸ್ತಕಗಳಿಗೆ ‘ತಾಂತೊಸ್ ಲಿಬ್ರೊಸ್’, ಗಂಟೆಗಳಿಗೆ ‘ತಾಂತಾಸ್ ಒರಾಸ್’. ನಾಮಪದದ ನಂತರ ಬರುವ ಪದ ‘ಕೆ’ ಅಲ್ಲ, ‘ಕೊಮೊ’: ‘ತೆಂಗೊ ತಾಂತೊಸ್ ಲಿಬ್ರೊಸ್ ಕೊಮೊ ತು’, ನಿನ್ನ ಬಳಿ ಇರುವಷ್ಟೇ ಪುಸ್ತಕಗಳು ನನ್ನ ಬಳಿ ಇವೆ.

ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಪ್ರತಿ ಪದದ ಲಿಂಗವನ್ನು ಪದದೊಡನೆಯೇ ಕಲಿಯಬೇಕು, ಮತ್ತು ‘ತಾಂತೊ’ ಬಳಸುವಾಗ ಆ ಕಲಿಕೆಯ ಕೊರತೆ ಕೂಡಲೇ ಬಯಲಾಗುತ್ತದೆ. ನೀರು ಎಂಬ ‘ಆಗ್ವಾ’ ಉಚ್ಚಾರಣೆಯ ಕಾರಣದಿಂದ ‘ಎಲ್ ಆಗ್ವಾ’ ಎಂದು ಪುಲ್ಲಿಂಗದ ಉಪಪದವನ್ನು ತೆಗೆದುಕೊಂಡರೂ ಸ್ತ್ರೀಲಿಂಗವೇ, ಆದ್ದರಿಂದ ‘ತಾಂತಾ ಆಗ್ವಾ’. ಹಸಿವೆಯೂ ಹಾಗೆಯೇ: ‘ತೆಂಗೊ ತಾಂತಾ ಆಂಬ್ರೆ ಕೊಮೊ ತು’. ‘ದಿಯಾ’, ‘ಪ್ರೊಬ್ಲೆಮಾ’ ಎಂಬವು ಆಕಾರಾಂತವಾಗಿದ್ದರೂ ಪುಲ್ಲಿಂಗ, ಆದ್ದರಿಂದ ‘ತಾಂತೊಸ್ ದಿಯಾಸ್’, ‘ತಾಂತೊಸ್ ಪ್ರೊಬ್ಲೆಮಾಸ್’. ಜನರು ಎಂಬರ್ಥದ ‘ಹೆಂತೆ’ಯ ಬಗ್ಗೆ ವಿಶೇಷ ಎಚ್ಚರ ಬೇಕು. ‘ಜನ ಬಂದರು’ ಎಂದು ಬಹುವಚನದಲ್ಲಿ ಹೇಳಿ ರೂಢಿಯಾದ ನಮಗೆ ಅದು ಸ್ತ್ರೀಲಿಂಗ ಏಕವಚನವೆಂಬುದು ಬೇಗ ನೆನಪಿಗೆ ಬರುವುದಿಲ್ಲ. ‘ತಾಂತಾ ಹೆಂತೆ’ ಎಂದೇ ಹೇಳಬೇಕು, ಕ್ರಿಯಾಪದವೂ ಏಕವಚನದಲ್ಲೇ ಇರಬೇಕು: ‘ಎನ್ ದಸರಾ ಬಿಯೆನೆ ಮಾಸ್ ಹೆಂತೆ ಕೆ ಎನ್ ಒತ್ರೊಸ್ ಮೆಸೆಸ್’, ಬೇರೆ ತಿಂಗಳುಗಳಿಗಿಂತ ದಸರೆಯಲ್ಲಿ ಹೆಚ್ಚು ಜನ ಬರುತ್ತಾರೆ.

ನಾಮಪದವಿಲ್ಲದೆ ಕ್ರಿಯೆಯನ್ನಷ್ಟೇ ಹೋಲಿಸಿದರೆ ‘ತಾಂತೊ ಕೊಮೊ’ ಬದಲಾಗದೆ ನಿಲ್ಲುತ್ತದೆ: ‘ತ್ರಾಬಾಹೊ ತಾಂತೊ ಕೊಮೊ ತು’. ಗುಣವಾಚಕದ ಮುಂದೆ ಅದು ‘ತಾನ್’ ಎಂದು ಮೊಟಕಾಗುತ್ತದೆ. ಅದು ಪ್ರಮಾಣದ ಬದಲು ಗುಣದ ಹೋಲಿಕೆಯಾದ್ದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ. ‘ಬೆಂಗಳೂರಿನಷ್ಟು ವಾಹನದಟ್ಟಣೆ ಮೈಸೂರಿನಲ್ಲಿಲ್ಲ’ ಎಂದು ನಾವು ಹೇಳುವ ರೀತಿ ಸ್ಪ್ಯಾನಿಷ್‌ಗೂ ಸಹಜ: ‘ಮೈಸೂರು ನೊ ತಿಯೆನೆ ತಾಂತೊ ತ್ರಾಫಿಕೊ ಕೊಮೊ ಬೆಂಗಳೂರು’. ‘ಮೆನೊಸ್’ ಬಳಸಿ ಹೇಳುವುದಕ್ಕಿಂತ ಇದು ಮಾತಿನಲ್ಲಿ ಮೃದುವಾಗಿ ಕೇಳಿಸುತ್ತದೆಂದು ನನ್ನ ಅನಿಸಿಕೆ.

‘ತಾಂತೊ’ದ ನಂತರ ‘ಕೊಮೊ’ ಬದಲು ‘ಕೆ’ ಬಂದರೆ ವಾಕ್ಯ ತಪ್ಪಾಗುವುದಿಲ್ಲ, ಅರ್ಥವೇ ಬೇರೆಯಾಗುತ್ತದೆ. ‘ಕೊಂಪ್ರೊ ತಾಂತಾಸ್ ಫ್ಲೊರೆಸ್ ಕೆ ನೊ ಕಾಬಿಯಾನ್ ಎನ್ ಲಾ ಬೊಲ್ಸಾ’ ಎಂದರೆ ಎಷ್ಟು ಹೂವು ಕೊಂಡಳೆಂದರೆ ಚೀಲದಲ್ಲಿ ಹಿಡಿಸಲಿಲ್ಲ ಎಂದು. ಇದು ಹೋಲಿಕೆಯಲ್ಲ, ಪರಿಣಾಮ.

ಎಷ್ಟು ಹೆಚ್ಚು, ಎಷ್ಟು ಪಟ್ಟು

ವ್ಯತ್ಯಾಸ ದೊಡ್ಡದೆಂದು ಹೇಳಲು ‘ಮಾಸ್’ ಮುಂದೆ ‘ಮುಚೊ’ ಬರುತ್ತದೆ, ಮತ್ತು ನಾಮಪದವಿದ್ದಾಗ ಅದೂ ರೂಪ ಬದಲಿಸುತ್ತದೆ: ‘ಮುಚಾ ಮಾಸ್ ಆಗ್ವಾ’, ‘ಮುಚಾಸ್ ಮಾಸ್ ಫ್ಲೊರೆಸ್’. ‘ಮುಯ್ ಮಾಸ್’ ಎಂಬ ರೂಪ ಇಲ್ಲವೇ ಇಲ್ಲ. ಸ್ವಲ್ಪ ಹೆಚ್ಚು ಎನ್ನುವಾಗ ವಸ್ತುವಿನ ಮುಂದೆ ‘ದೆ’ ಸೇರುತ್ತದೆ: ‘ಉನ್ ಪೊಕೊ ಮಾಸ್ ದೆ ಆರ್ರೊಸ್ ಕೆ ಆಯೆರ್’. ವ್ಯತ್ಯಾಸವನ್ನು ಸಂಖ್ಯೆಯಲ್ಲಿ ಹೇಳುವುದಾದರೆ ಸಂಖ್ಯೆ, ವಸ್ತು, ಆಮೇಲೆ ‘ಮಾಸ್ ಕೆ’: ‘ತೆಂಗೊ ತ್ರೆಸ್ ಲಿಬ್ರೊಸ್ ಮಾಸ್ ಕೆ ತು’ ಎಂದರೆ ನಿನಗಿಂತ ಮೂರು ಪುಸ್ತಕ ಹೆಚ್ಚಿವೆ ಎಂದು, ‘ತೆಂಗೊ ಮಾಸ್ ದೆ ತ್ರೆಸ್ ಲಿಬ್ರೊಸ್’ ಎಂದರೆ ಮೂರಕ್ಕೂ ಹೆಚ್ಚು ಪುಸ್ತಕಗಳಿವೆ ಎಂದು. ಎರಡು ಪಟ್ಟು ‘ಎಲ್ ದೊಬ್ಲೆ ದೆ’, ಅರ್ಧದಷ್ಟು ‘ಲಾ ಮಿತಾದ್ ದೆ’, ಎರಡಕ್ಕೂ ಕೊನೆಯಲ್ಲಿ ‘ಕೆ’: ‘ಎಲ್ ದೊಬ್ಲೆ ದೆ ಲೆಚೆ ಕೆ ಆಯೆರ್’, ನಿನ್ನೆಯ ಎರಡರಷ್ಟು ಹಾಲು.

‘ಎಷ್ಟು… ಅಷ್ಟು’ ಎಂಬ ನಮ್ಮ ಜೋಡಿಗೆ ಸ್ಪ್ಯಾನಿಷ್‌ನಲ್ಲಿ ‘ಕ್ವಾಂತೊ ಮಾಸ್… ಮಾಸ್’ ಇದೆ. ಕ್ರಿಯೆಯೊಡನೆ ‘ಕ್ವಾಂತೊ’ ಬದಲಾಗದು: ‘ಕ್ವಾಂತೊ ಮಾಸ್ ಎಸ್ತುದಿಯೊ, ಮಾಸ್ ಪಾಲಾಬ್ರಾಸ್ ಆಪ್ರೆಂದೊ’, ಎಷ್ಟು ಹೆಚ್ಚು ಓದುತ್ತೇನೋ ಅಷ್ಟು ಹೆಚ್ಚು ಪದಗಳನ್ನು ಕಲಿಯುತ್ತೇನೆ. ನಾಮಪದವಿದ್ದರೆ ಬದಲಾಗುತ್ತದೆ: ‘ಕ್ವಾಂತಾ ಮಾಸ್ ಆಗ್ವಾ ಎಂತ್ರಾ, ಮಾಸ್ ಸುಬೆ ಎಲ್ ನಿಬೆಲ್’, ಎಷ್ಟು ಹೆಚ್ಚು ನೀರು ಬರುತ್ತದೋ ಮಟ್ಟ ಅಷ್ಟು ಹೆಚ್ಚು ಏರುತ್ತದೆ. ಮೆಕ್ಸಿಕೊ ಮೊದಲಾದ ಕಡೆಗಳಲ್ಲಿ ‘ಮಿಯೆಂತ್ರಾಸ್ ಮಾಸ್’ ಎಂಬ ರೂಪವೂ ಕಿವಿಗೆ ಬೀಳುತ್ತದೆ.

ಅಭ್ಯಾಸ ಮಾಡುವ ಬಗೆ

ಪಠ್ಯಪುಸ್ತಕದ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗಿಂತ, ನಿಮಗೆ ನಿಜವಾಗಿ ಗೊತ್ತಿರುವ ಅಂಕಿಗಳನ್ನು ಇಟ್ಟುಕೊಂಡು ವಾಕ್ಯ ಕಟ್ಟುವುದು ಹೆಚ್ಚು ಫಲ ಕೊಡುತ್ತದೆ. ಪತ್ರಿಕೆಗಳು ಪ್ರಕಟಿಸುವ ಜಲಾಶಯಗಳ ಮಟ್ಟದ ಕೋಷ್ಟಕ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಅಂದಿನ ಮಟ್ಟ ನೂರು ಅಡಿಯನ್ನು ದಾಟಿದ್ದರೆ ‘ಆಯ್ ಮಾಸ್ ದೆ ಸಿಯೆನ್ ಪಿಯೆಸ್ ದೆ ಆಗ್ವಾ’ ಎಂದು ಬರೆಯಿರಿ. ಹಿಂದಿನ ದಿನದೊಡನೆ ಹೋಲಿಸಿ ‘ಕೆ ಆಯೆರ್’ ಇರುವ ವಾಕ್ಯವನ್ನೂ, ಒಳಹರಿವು ಹೊರಹರಿವುಗಳನ್ನು ನೋಡಿ ‘ದೆ ಲಾ ಕೆ’ ಇರುವ ವಾಕ್ಯವನ್ನೂ, ಮಟ್ಟ ಬದಲಾಗದ ದಿನ ‘ತಾಂತಾ ಆಗ್ವಾ ಕೊಮೊ ಆಯೆರ್’ ಎಂಬುದನ್ನೂ ಬರೆಯಬಹುದು. ಕಟ್ಟೆಯ ಲೆಕ್ಕದಲ್ಲಿ ಆಸಕ್ತಿಯಿಲ್ಲದವರು ಮನೆಯ ದಿನಸಿಯ ಚೀಟಿಯನ್ನೋ, ಡೇರಿಗೆ ಹಾಕಿದ ಹಾಲಿನ ಲೆಕ್ಕದ ಪುಸ್ತಕವನ್ನೋ ತೆಗೆದುಕೊಳ್ಳಲಿ.

ಬರೆದ ಮೇಲೆ ಪ್ರತಿ ವಾಕ್ಯವನ್ನೂ ಎರಡು ಸಲ ಪರಿಶೀಲಿಸಿ. ಮೊದಲ ಸಲ ‘ಕೆ’, ‘ದೆ’, ‘ಕೊಮೊ’ಗಳನ್ನು ಮಾತ್ರ ನೋಡಿ, ಎರಡನೆಯ ಸಲ ಲಿಂಗವಚನಗಳನ್ನು ಮಾತ್ರ ನೋಡಿ. ಎರಡನ್ನೂ ಒಟ್ಟಿಗೆ ನೋಡಲು ಹೋದರೆ ‘ತಾಂತಾ’ ಸರಿಯಿದೆಯೇ ಎಂದು ಯೋಚಿಸುವಷ್ಟರಲ್ಲಿ ಅದರ ನಂತರದ ‘ಕೆ’ ಕಣ್ಣು ತಪ್ಪಿಸುತ್ತದೆ.